ನನ್ನ ಸರ್ಕಾರ

"ನನ್ನ ಸರ್ಕಾರವು ಆನ್ಸ್ ಕೊಕೊ ದಂಡೆಯ ಗುಡಿಸಲುಗಳನ್ನು ತೆರವು ಮಾಡಿ..." ಎಂದು ಎತ್ತರದ ಕುರ್ಚಿಯಲ್ಲಿ ಕೂತು ಓದುತ್ತಿದ್ದ ಗವರ್ನರ್ ಜನರಲ್ ಆಲ್ಸಿಡ್ ದೆಸ್ಮಾರ್ ಅಲ್ಲಿಗೇ ನಿಲ್ಲಿಸಿದ. ಅವನು ಹುಟ್ಟಿದ್ದು ಆ ಗುಡಿಸಲುಗಳಲ್ಲೊಂದರಲ್ಲಿ. ದ್ವೀಪಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಸಂಸತ್ತಿನ ಮೊದಲ ಅಧಿವೇಶನ. ಭಾಷಣ ಬರೆದವನು ಪ್ರಧಾನಿ, ಈಗಲೂ ದ್ವೀಪದ ಪಟ್ಟದಲ್ಲಿರುವ ಕಡಲಾಚೆಯ ರಾಣಿಯ ಹೆಸರಲ್ಲಿ ಓದುವ ಬಾಯಿ ಮಾತ್ರ ಇವನದು. ಗುಡಿಸಲು ಕೆಡವಿ ಅಲ್ಲಿ ಹೋಟೆಲು ಕಟ್ಟುವುದು ಬೇಡವೆಂದು ಇವನು ಎಷ್ಟೋ ಸಲ ಹೇಳಿದ್ದ. "ಒಳ್ಳೇ ಸಲಹೆ ಸರ್" ಎಂದು ಪ್ರಧಾನಿ ಪ್ರತಿ ಸಲವೂ ನಕ್ಕು ರಮ್ ತರಿಸಿದ್ದ.

ಪ್ರೇಕ್ಷಕರ ಸಾಲಿನಲ್ಲಿ ಅವನ ಅಕ್ಕ ಯೂಫ್ರೇಸಿ ಎದ್ದು ನಿಂತಳು. ಆ ದಂಡೆಯಲ್ಲೇ ಮೀನು ಮಾರುವವಳು. "ಯಾಕೋ ನಿಲ್ಲಿಸಿದೆ ಆಲ್ಸಿ? ಆಗಿಂದ ನನ್ನ ಸರ್ಕಾರ, ನನ್ನ ಸರ್ಕಾರ ಅಂತ ಬಾಯ್ತುಂಬ ಅಂತಿದೀಯ. ನಿಂದೇ ಆದ್ರೆ ಕಿವಿ ಹಿಂಡಿ ಹೇಳು, ನಮ್ಮಕ್ಕನ ಮನೆ ಮುಟ್ಟಬೇಡ ಅಂತ!"

ಸಭೆ ಗೊಳ್ಳೆಂದಿತು. "ಬರೆದದ್ದನ್ನ ಓದಿ ಸರ್" ಎಂದು ಪ್ರಧಾನಿ ಹಲ್ಲು ಕಚ್ಚಿ ಪಿಸುಗುಟ್ಟಿದ. ಹಿಂದಿನ ಬಿಳಿಯ ಗವರ್ನರ್ ಬಿಟ್ಟುಹೋದ ಟೋಪಿ ಆಲ್ಸಿಡ್‌ನ ತಲೆಗೆ ದೊಡ್ಡದು. ಅದರ ಗರಿಗಳು ಫ್ಯಾನಿನ ಗಾಳಿಗೆ ಕಣ್ಣಿಗೇ ಚುಚ್ಚುತ್ತಿದ್ದವು. ಅವನು ಓದುತ್ತಿದ್ದ ವಾಕ್ಯವನ್ನು ಮತ್ತೆ ಮೊದಲಿನಿಂದ ಹಿಡಿದ. ಪ್ರಧಾನಿಯನ್ನೇ ದಿಟ್ಟಿಸಿ, ಒಂದೇ ಒಂದು ಪದ ಬದಲಿಸಿ ಓದಿದ: "ನಿಮ್ಮ ಸರ್ಕಾರವು..."

ನಗು ಅಡಗಿತು. ಪ್ರಧಾನಿಯ ದವಡೆ ಬಿಗಿಯಿತು. ಜೀವಮಾನದ ಧೈರ್ಯವನ್ನೆಲ್ಲ ಆ ಪದಕ್ಕೇ ಸುರಿದು ಬರಿದಾದವನಂತೆ ಆಲ್ಸಿಡ್ ಅಕ್ಕನತ್ತ ತಲೆಯೆತ್ತಿದ. ಯೂಫ್ರೇಸಿ ತಲೆವಸ್ತ್ರ ಬಿಗಿದು ಕಟ್ಟಿಕೊಂಡಳು.

"ಓ, ಅವರದ್ದಾ?" ಎಂದಳು. "ಹಾಗಾದ್ರೆ ಆ ಕುರ್ಚೀಲಿ ನೀನ್ಯಾಕೋ ಕೂತಿದೀಯ? ಎದ್ದು ಬಾ. ಮನೆ ಸಾಮಾನು ಹೊರೋಕೆ ಒಂದಾಳು ಬೇಕು."