ಪಕ್ಕದ ಸೀಟಿನ ಬೆಲ್ಟ್

ಕಾರಿನ ಏರ್‌ಬ್ಯಾಗ್ ದೀಪ ಆರುತ್ತಲೇ ಇರಲಿಲ್ಲ. ಮೂರು ಗ್ಯಾರೇಜು ಸುತ್ತಿದ ಮೇಲೆ ಪುಷ್ಪಾ ಅದನ್ನು ಹುಣಸೂರಿನ ಅಸದುಲ್ಲಾನ ಹತ್ತಿರ ತಂದಳು. ಕಾರು ಅವಳ ಗಂಡ ಪ್ರಭುಸ್ವಾಮಿಯದು. ಹೋದ ವರ್ಷ ಕಾಕನಕೋಟೆ ಕಾಡಿನ ರಸ್ತೆಯಲ್ಲಿ ಅದು ಮರಕ್ಕೆ ಗುದ್ದಿ ಅವನು ತೀರಿಕೊಂಡಿದ್ದ. ರಿಪೇರಿಯಾಗಿ ಬಂದ ಕಾರನ್ನು ಮಾರಿಬಿಡು ಅಂತ ಎಲ್ಲರೂ ಹೇಳಿದರು, ಅವಳು ಮಾರಲಿಲ್ಲ. ಕೆ.ಆರ್. ನಗರದಿಂದ ಚುಂಚನಕಟ್ಟೆಯ ಶಾಲೆಗೆ ಪಾಠ ಮಾಡಲು ಅದರಲ್ಲೇ ಹೋಗಿಬರುತ್ತಿದ್ದಳು. ಮಗಳನ್ನು ಮಾತ್ರ ಕೂರಿಸುತ್ತಿರಲಿಲ್ಲ. ದೀಪ ಆರಲಿ, ಆಮೇಲೆ ಕೂರಿಸ್ತೀನಿ ಅಂದಳು.

ಅಸದುಲ್ಲಾ ಸ್ಟೇರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸಿದ. ಕಾರಿನಲ್ಲಿ ಎಂಜಿನ್ನಿಗೆ, ಬ್ರೇಕಿಗೆ, ಮೀಟರಿಗೆ, ಏರ್‌ಬ್ಯಾಗಿಗೆ ಒಂದೊಂದು ಕಂಪ್ಯೂಟರ್ ಡಬ್ಬಿ ಇರುತ್ತದೆ. ಜೊತೆಯಾಗಿ ಹೆಣೆದ ಎರಡು ತಂತಿಗಳ ಮೇಲೆ ಅವು ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ. ಮಿಕ್ಕ ಡಬ್ಬಿಗಳೆಲ್ಲ ಒಂದೇ ದೂರು ಹೇಳಿದವು: ಏರ್‌ಬ್ಯಾಗ್ ಡಬ್ಬಿಯಿಂದ ಉತ್ತರವಿಲ್ಲ. ಅವನು ಬ್ಯಾಟರಿ ಬಿಚ್ಚಿ ಆ ತಂತಿಗಳಿಗೆ ಮೀಟರ್ ಹಿಡಿದ. ಅರವತ್ತು ಓಮ್. ಮುಖ್ಯ ತಂತಿ ಸರಿಯಿದೆ, ಹಾಗಾದರೆ ಆ ಡಬ್ಬಿಗೆ ಹೋಗುವ ಕವಲೇ ಕಡಿದಿರಬೇಕು. ಕಾರ್ಪೆಟ್ ಎತ್ತಿ ಹುಡುಕಿದ. ಗೇರಿನ ಪಕ್ಕ, ಯಾರೋ ಹಿಂದೆ ಟೇಪು ಸುತ್ತಿದ್ದ ಕಡೆ ತಂತಿ ಹಸಿರು ಕಿಲುಬು ಹಿಡಿದು ತುಂಡಾಗಿತ್ತು. ಬೆಸುಗೆ ಹಾಕಿ, ಬ್ಯಾಟರಿ ಜೋಡಿಸಿ, ಮತ್ತೆ ಸ್ಕ್ಯಾನರ್ ಒತ್ತಿದ.

ಡಬ್ಬಿ ಉತ್ತರ ಕೊಟ್ಟಿತು. ರಿಪೇರಿಯವರು ಏರ್‌ಬ್ಯಾಗುಗಳನ್ನು ಹೊಸದಾಗಿ ಹಾಕಿ, ಡಬ್ಬಿ ಮಾತ್ರ ಹಳೆಯದನ್ನೇ ಬಿಟ್ಟಿದ್ದರು. ಮರಕ್ಕೆ ಗುದ್ದಿದ ಗಳಿಗೆಯ ದಾಖಲೆ ಅದರಲ್ಲಿ ಹಾಗೇ ಇತ್ತು. ವೇಗ ಎಪ್ಪತ್ತೊಂದು. ಚಾಲಕನ ಬೆಲ್ಟ್ ಹಾಕಿಲ್ಲ. ಪಕ್ಕದ ಸೀಟು ಖಾಲಿಯಿಲ್ಲ. ಪಕ್ಕದ ಬೆಲ್ಟ್ ಹಾಕಿದೆ.

ಅಸದುಲ್ಲಾ ಸ್ಕ್ಯಾನರ್ ಆಫ್ ಮಾಡಿ ಇನ್ನೊಂದು ಸಲ ಓದಿಸಿದ. ಅದೇ ಬಂತು. ಶಟರಿನ ನೆರಳಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಪುಷ್ಪಾ ಅವನ ಮುಖ ನೋಡಿ ಎದ್ದು ಬಂದಳು.

“ಅಕ್ಕ, ಅವತ್ತು ಸಾರ್ ಜೊತೇಲಿ ಯಾರಿದ್ರು?”

“ಯಾರೂ ಇರ್ಲಿಲ್ಲ ಕಣಣ್ಣ. ಒಬ್ರೇ ಬತ್ತಿದ್ರು.”

ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ಅವಳು ಓದಿದಳು. ಆಮೇಲೆ ಬೆರಳಿಟ್ಟು ಕೊನೆಯ ಸಾಲನ್ನು ಮತ್ತೆ ಓದಿದಳು. ಸೀಟಿನ ಮೇಲೆ ಭಾರದ ಮೂಟೆ ಇಟ್ಟರೂ ಹಾಗೇ ತೋರಿಸುತ್ತದೆ, ಪೀಂಪೀಂ ಶಬ್ದ ನಿಲ್ಲಲಿ ಅಂತ ಜನ ಮೂಟೆಗೂ ಬೆಲ್ಟ್ ಹಾಕುತ್ತಾರೆ ಎಂದು ಅಸದುಲ್ಲಾ ಹೇಳಿ ನೋಡಿದ. ಕಾರಿನಲ್ಲಿ ಮೂಟೆಯೂ ಇರಲಿಲ್ಲ, ಚೀಲವೂ ಇರಲಿಲ್ಲ ಅಂದಳು ಪುಷ್ಪಾ. ಪೊಲೀಸರು ಕೊಟ್ಟಿದ್ದು ಒಂದು ಕನ್ನಡಕ, ಒಂದು ಫೋನು. ಅವತ್ತು ಸಂಜೆ, ರಾತ್ರಿಗೆ ಮುಚ್ಚುವ ಕಾಡಿನ ಗೇಟು ದಾಟುವಾಗ ಪ್ರಭುಸ್ವಾಮಿಯೇ ಫೋನ್ ಮಾಡಿ, ಒಬ್ಬನೇ ಬರುತ್ತಿದ್ದೀನಿ ಅಂದಿದ್ದ.

ಈ ದಾಖಲೆ ಅಳಿಸಲು ಬರುವುದಿಲ್ಲ, ಡಬ್ಬಿಯನ್ನೇ ಬದಲಾಯಿಸಬೇಕು, ಮೈಸೂರಿನಿಂದ ಹೊಸದು ತರಿಸುತ್ತೇನೆ ಎಂದ ಅಸದುಲ್ಲಾ. ಪುಷ್ಪಾ ಎಡಗಡೆಯ ಸೀಟಿನ ಬೆನ್ನಿನ ಮೇಲೆ ಇಟ್ಟಿದ್ದ ಕೈಯನ್ನು ಮೆಲ್ಲಗೆ ತೆಗೆದುಕೊಂಡಳು.

“ಇವ್ರು ತೀರ್ಕೊಂಡ ಮೇಲೆ ಗಣಾರಾಧನೆ ದಿನ ಊಟಕ್ಕೆ ಒಬ್ರು ಬಂದಿದ್ರು” ಅಂದಳು.

ಯಾರ ಕಡೆಯವರೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲವಂತೆ. ಎಡಗೈಯನ್ನು ಬಟ್ಟೆಯಲ್ಲಿ ಕತ್ತಿಗೆ ಕಟ್ಟಿಕೊಂಡಿದ್ದರು. ಊಟದ ಪಂಕ್ತಿಯ ಕೊನೆಯಲ್ಲಿ ಕೂತು ತಲೆಯೆತ್ತದೆ ಉಂಡರು. ಹೋಗುವಾಗ ಅವಳ ಮುಂದೆ ಬಂದು ನಿಂತರು.

“‘ನಿಮ್ಮೆಜಮಾನ್ರು ಕೊನೇಲಿ ಎಲ್ಡು ಸಲ ನೀರು ಕೇಳಿದ್ರು ಕಣಮ್ಮ’ ಅಂದ್ರು. ಆ ಸಂಕಟದಲ್ಲಿ ಏನೂ ಯೋಚ್ನೆ ಮಾಡ್ದೆ, ಆಸ್ಪತ್ರೆಯೋರು ಅಂದ್ಕೊಂಡು ನಾನು ಕೈ ಮುಗ್ದೆ.”

ಯಾವ ಆಸ್ಪತ್ರೆಗೆ ಸೇರಿಸಿದ್ದರು ಎಂದು ಅಸದುಲ್ಲಾ ಕೇಳಿದ.

“ಆಸ್ಪತ್ರೆಗೆ ಒಯ್ಯಲೇ ಇಲ್ಲ ಅಣ್ಣ. ಬೆಳಗ್ಗೆ ಮೊದಲ್ನೇ ಬಸ್ಸಿನೋರು ನೋಡ್ದಾಗ್ಲೇ ಮೈ ತಣ್ಣಗಾಗಿತ್ತು.”