ಅಚ್ಚಾದ ಹೆಸರು

ಆ ಊರಿನಲ್ಲಿ ಹೆಣ್ಣುಮಗಳೊಬ್ಬಳ ಹೆಸರಿನಲ್ಲಿ ವರದಿ ಅಚ್ಚಾದರೆ, ಅವಳ ಬಳಗದಲ್ಲಿ ಒಬ್ಬರು ಅವಳನ್ನು ಪೂರ್ತಿ ಮರೆತುಬಿಡುತ್ತಿದ್ದರು. ಯಾರೆಂದು ಮೊದಲೇ ತಿಳಿಯುತ್ತಿರಲಿಲ್ಲ. ಪತ್ರಕರ್ತೆಯರ ತರಬೇತಿ ಕೇಂದ್ರ ನಡೆಸುತ್ತಿದ್ದ ಮೆಹಜಬೀನ್ ಇದನ್ನು ಮೊದಲ ದಿನವೇ ಹೇಳುತ್ತಿದ್ದಳು. ಹೇಳಿಯೂ ಬರೆಯಲು ಹುರಿದುಂಬಿಸುತ್ತಿದ್ದಳು.

ವಾರ್ಡನ್ ಆಸ್ಪತ್ರೆಗೆ ಸೇರಿಸದೆ ಹೋದದ್ದರಿಂದ ಹಾಸ್ಟೆಲಿನಲ್ಲೇ ಜ್ವರದಿಂದ ಸತ್ತ ಮೂವರು ಹುಡುಗಿಯರ ಬಗ್ಗೆ ಅವಳ ಶಿಷ್ಯೆ ಭೀಮಾಬಾಯಿ ಬರೆದದ್ದು ಬೆಳಿಗ್ಗೆ ಮುಖಪುಟದಲ್ಲಿ ಬಂದಿತ್ತು. ಮಧ್ಯಾಹ್ನ ಭೀಮಾಬಾಯಿ ಕೇಂದ್ರಕ್ಕೆ ಬಂದು ಬೆಂಚಿನ ಮೇಲೆ ಕುಳಿತಳು.

"ಯಾರು ಮರೆತ್ರು?" ಮೆಹಜಬೀನ್ ಕೇಳಿದಳು.

"ಮಗಳ್ರೀ ಮೇಡಂ. ಬಾಗಿಲಾಗ ನಿಂತು, 'ಯಾರ್ ಬೇಕಾಗಿತ್ರಿ' ಅಂದ್ಳು." ಮತ್ತೆ ಅವಳೇ ಕೇಳಿದಳು, "ವಾರ್ಡನ್‌ಗ ಏನಾತ್ರಿ?"

"ಬ್ಯಾರೆ ಹಾಸ್ಟೆಲಿಗೆ ಹಾಕ್ಯಾರ."

"ಅಷ್ಟ ಏನ್ರಿ?"

ಭೀಮಾಬಾಯಿ ಚೀಲದಿಂದ ಇನ್ನೂ ಅಚ್ಚಿಗೆ ಕೊಡದ ಎರಡನೆಯ ವರದಿಯ ಹಾಳೆಗಳನ್ನು ತೆಗೆದು ಸಾವಕಾಶವಾಗಿ ಹರಿಯತೊಡಗಿದಳು. ಮೆಹಜಬೀನ್ ಅವಳನ್ನು ತಡೆಯಲಿಲ್ಲ.