ಬೆನ್ನಿನ ಅಭ್ಯಾಸ

ನನ್ನ ಗಂಡ ಮನುಷ್ಯರ ಚಿತ್ರ ಬರೆಯುವುದನ್ನು ಕಲಿಯುತ್ತಿದ್ದಾರೆ. ದಿನಾ ಸಂಜೆ ಅನಾಟಮಿ ಪುಸ್ತಕ ಬಿಚ್ಚಿಟ್ಟುಕೊಂಡು, ನನ್ನನ್ನು ಗೋಡೆಯ ಕಡೆ ಮುಖ ಮಾಡಿಸಿ ಸ್ಟೂಲಿನ ಮೇಲೆ ಕೂರಿಸಿ, ನನ್ನ ಬೆನ್ನನ್ನೇ ಮತ್ತೆ ಮತ್ತೆ ಬರೆಯುತ್ತಾರೆ. ಒಲೆಯ ಮೇಲೆ ಸಾರು ಉಕ್ಕಿದರೂ ನಾನು ಏಳುವ ಹಾಗಿಲ್ಲ. ಮಹಾ ಕಲಾವಿದರಲ್ಲವೇ!

“ರೀ, ಬೆನ್ನು ತುಂಬಾ ನೋಯ್ತಿದೆ.”

“ಅಲ್ಲಾಡಬೇಡ ಕಣೇ, ಗೆರೆ ಕೆಡುತ್ತೆ.”

ಕೊನೆಗೆ ನೋವು ತಡೆಯಲಾಗದೆ ಇಬ್ಬರೂ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ನನ್ನ ಬೆನ್ನ ಮೇಲೆ ಬೆರಳಾಡಿಸಿ, ಇವರ ಮುಖ ನೋಡಿದರು.

“ಬೆನ್ನುಮೂಳೆ ಇಷ್ಟು ಸೊಟ್ಟಗಾಗಿದೆ, ಎಡಭುಜ ಇಳಿದುಹೋಗಿದೆ. ಮನೇಲಿ ಯಾರೂ ಗಮನಿಸಲೇ ಇಲ್ವಾ?”

“ಗಮನಿಸದೆ ಇರ್ತೀನಾ ಮೇಡಂ?” ಎಂದರು ಇವರು, ಎದೆಯುಬ್ಬಿಸಿ. “ಪ್ರತಿ ಸಲವೂ ಪುಸ್ತಕ ನೋಡಿ ನೇರ ಮಾಡಿಯೇ ಬರೆದಿದ್ದೀನಿ.”